ಮಸಿಮುಖದವರ ಊರು

ಸೊನೆಯ ವಾಸನೆ, ಮೊದಲು ಅದೇ, ಬಸ್ಸಿನ ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಕೊಂಡಿದ್ದರೂ ಒಳಗೆ ನುಗ್ಗುವ ಮಾವಿನ ಸೊನೆಯ ಒಗರು ವಾಸನೆ, ಶ್ರೀನಿವಾಸಪುರ ದಾಟಿದ ಮೇಲೆ ಎರಡೂ ಕಡೆ ತೋಪು, ಮಧ್ಯೆ ಒಂದಿಷ್ಟು ಟೊಮೆಟೊ ಹೊಲ, ಮತ್ತೆ ತೋಪು, ಪಕ್ಕದ ಸೀಟಿನ ಅಜ್ಜಿ ಕಂಡಕ್ಟರನ ಜೊತೆ ತೆಲುಗಿನಲ್ಲಿ ಚಿಲ್ಲರೆಗೆ ಜಗಳ ಆಡುತ್ತಿದ್ದಾಳೆ, ದಿವ್ಯಳಿಗೆ ಎಲ್ಲಾ ಅರ್ಥವಾಗುತ್ತೆ, ತನ್ನೂರು ಕ್ಯಾಲನೂರಿನಲ್ಲೂ ತೆಲುಗು ಕಿವಿಗೆ ಬಿದ್ದದ್ದೇ, ಆದರೂ ಇಲ್ಲಿ ಬೇರೆ ಥರ, ಇಲ್ಲಿ ಕನ್ನಡವೇ ನೆಂಟರ ಮನೆಗೆ ಬಂದ ಹಾಗೆ ಸಂಕೋಚದಿಂದ ಕೂತಿದೆ — ತೊಡೆಯ ಮೇಲೆ ಅಮ್ಮ ಕೊಟ್ಟ ನಿಪ್ಪಟ್ಟಿನ ಡಬ್ಬಿ, ಅಣ್ಣನಿಗೆ ಕೊಡು ಅಂದಳು ಅಮ್ಮ, ಅತ್ತಿಗೆ ಅನ್ನುವ ಮಾತು ಅವಳ ತುಟಿಯ ತನಕ ಬಂದು ವಾಪಸ್ಸು ಹೋಯಿತು, ಅಪ್ಪ ಕೊಟ್ಟಿಗೆಯಲ್ಲಿ ಹಸುವಿನ ಮೈ ಉಜ್ಜುತ್ತಿದ್ದ, ಎಲ್ಲಿಗೆ ಅಂತ ಕೇಳಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ, ಉಜ್ಜಿದ ಕಡೆಯೇ ಉಜ್ಜುತ್ತಿದ್ದ. ಅಣ್ಣ ಅಮರನಾಥ ರಾಯಲ್ಪಾಡಿಗೆ ಮನೆ ಅಳಿಯನಾಗಿ ಹೋದಾಗಿನಿಂದ ಅಪ್ಪನದು ಒಂದೇ ಮಾತು, ಎತ್ಕೊಂಡು ಹೋದ್ರು ನಮ್ಮ ಹುಡುಗನ್ನ, ಹೆಣ್ಣು ಕೊಟ್ಟು ಕಳಿಸೋದು ಕಂಡಿದ್ದೀನಿ, ಗಂಡು ಕೊಟ್ಟು ಕಳಿಸೋದು ನಮ್ಮ ಮನೇಲೇ ಆಗ್ಬೇಕಿತ್ತಾ — ಮದುವೆಗೆ ತಾನೂ ಹೋಗಲಿಲ್ಲ, ಅಮ್ಮನನ್ನೂ ಬಿಡಲಿಲ್ಲ, ದಿವ್ಯಳನ್ನು ಯಾರೂ ತಡೆಯಬೇಕಾಗಿಯೇ ಇರಲಿಲ್ಲ, ಅಪ್ಪನಿಗಿಂತ ಸಿಟ್ಟು ಅವಳಿಗೇ ಜಾಸ್ತಿ ಇತ್ತು, ಫೋಟೋದಲ್ಲಿ ಹಾರ ಹಾಕಿಕೊಂಡು ನಿಂತ ಆ ಶ್ವೇತ ಅನ್ನುವವಳ ಮುಖದ ಮೇಲೆ ಬೆರಳಿಟ್ಟು ಮುಚ್ಚಿ, ಅಣ್ಣ ಒಬ್ಬನನ್ನೇ ನೋಡಿದ್ದಳು.

ಈಗ ನಗು ಬರುತ್ತೆ, ಪೂರ್ತಿ ಅಲ್ಲ, ತುಟಿಯ ಒಂದು ತುದಿಯಲ್ಲಿ, ಯಾಕೆ ಅಂದರೆ ಈ ಬಸ್ಸು ಹತ್ತಿಸಿದ್ದು ಮಸಿಮುಖದವರು, ಫೋನಿನ ಆಟದೊಳಗಿನ ರಾಕ್ಷಸರು, ಯಾರಿಗಾದರೂ ಹೇಳಿದರೆ ತಲೆ ಕೆಟ್ಟಿದೆ ಅಂದಾರು, ಕೋಲಾರದಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ಹೆಣ್ಣು ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೌಂಟರಿನ ಕೆಳಗೆ ಕತ್ತಿ ಬೀಸುತ್ತಾ ಕೂರುತ್ತಾಳೆ ಅಂತ. ಆಟ ಕಲಿಸಿದ್ದು ಅಣ್ಣನೇ, ಅವನು ಮನೆಯಲ್ಲಿದ್ದ ಕಾಲದಲ್ಲಿ, ಒಂದೇ ಮಂಚದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಅವನ ಬೊಂಬೆಗೆ ಕೆಂಪು ಅಂಗಿ ಇವಳದಕ್ಕೆ ಹಸಿರು, ಆಟದಲ್ಲಿ ಆ ದುಷ್ಟರಿಗೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರು, ಇವರಿಬ್ಬರೂ ಇಟ್ಟದ್ದು ಮಸಿಮುಖದವರು ಅಂತ, ಸಂಜೆ ಹೊತ್ತು ಮುಖಕ್ಕೆ ಮಸಿ ಹಚ್ಚಿಕೊಂಡು ರಾಜನ ಊರುಗಳಿಗೆ ಬರುತ್ತಾರೆ, ಬೆಳಗಾದರೆ ಯಾರದೋ ಮನೆ ಖಾಲಿ, ಹೋದವರು ವಾಪಸ್ಸು ಬಂದದ್ದಿಲ್ಲ, ಅಲ್ಲಿ ಅವರಿಗೆ ತಮ್ಮ ಹೆಸರೂ ಮರೆತುಹೋಗುತ್ತಂತೆ, ಹಾಗಂತ ರಾಜನ ಕಡೆಯವರು ಡಂಗುರ ಹೊಡೆಯುತ್ತಾರೆ, ಒಬ್ಬ ಮಸಿಮುಖದವನನ್ನು ಕೊಂದರೆ ಚಿನ್ನ. ಅಣ್ಣ ಹೋದ ಮೇಲೂ ಆಟ ನಿಲ್ಲಲಿಲ್ಲ, ಫೋನಿನಲ್ಲಿ ಮಾತಾಡಿದರೆ ಅಮ್ಮ ಅಳುತ್ತಾಳೆ ಅಪ್ಪ ಎದ್ದು ಹೋಗುತ್ತಾನೆ, ಆಟದಲ್ಲಿ ಸದ್ದಿಲ್ಲ, ಕೆಂಪು ಅಂಗಿಯ ಬೊಂಬೆ ಬಂದು ಹಸಿರು ಅಂಗಿಯ ಪಕ್ಕ ನಿಲ್ಲುತ್ತೆ, ಕೆಳಗೆ ಒಂದೆರಡು ಮಾತು ಟೈಪಿಸಿದರೆ ಆಯಿತು, ಊಟ ಆಯ್ತಾ, ಅಮ್ಮನ ಮಂಡಿ ನೋವು ಹೇಗಿದೆ, ಅಪ್ಪ ಏನಾದ್ರೂ ಅಂದ್ರಾ — ಮತ್ತೆ ಆ ದಿನ, ಇವಳೇ ಬರೆದದ್ದು, ನಿನ್ನ ಹೆಂಡ್ತಿ ಮನೆಯೋರೂ ಇವರ ಥರಾನೇ ಅಲ್ವೇನೋ, ಮುಖಕ್ಕೆ ಮಸಿ ಬಳ್ಕೊಂಡಿಲ್ಲ ಅಷ್ಟೇ. ಉತ್ತರ ಬರುವುದಕ್ಕೆ ಬಹಳ ಹೊತ್ತಾಯಿತು, ಕೆಂಪು ಅಂಗಿ ಕತ್ತಿ ಹಿಡಿದು ಸುಮ್ಮನೆ ನಿಂತೇ ಇತ್ತು, ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡಳು, ಆಮೇಲೆ ಬಂತು, ಇರಬಹುದು, ಹೋಗಿ ನೋಡೋಣ್ವಾ.

ಹೋಗಿ ನೋಡುವುದು ಅಂದರೆ ಕೊಲ್ಲದೆ ಇರುವುದು, ಎದುರಿಗೆ ಬಂದ ಮಸಿಮುಖದವನ ಮೇಲೆ ದಿವ್ಯ ಅಭ್ಯಾಸಕ್ಕೆ ಕತ್ತಿ ಎತ್ತಿದಳು, ತಕ್ಷಣ ಕೆಳಗೆ ಮೆಸೇಜು ಬಂದು ಬಿತ್ತು, ಆಗು ಆಗು, ತೆಲುಗಿನ ಆಗು, ನಿಲ್ಲು ಅಂತ, ನೋಡು ಅಣ್ಣನ ಬೆರಳಿಗೂ ತೆಲುಗು ಹತ್ತಿತು ಅಂತ ಮೂಗು ಮುರಿದಳು, ಕತ್ತಿ ಮಾತ್ರ ಇಳಿಸಿದಳು. ಅವನ ಹಿಂದೆಯೇ ನಡೆದರು, ಕಣಿವೆ, ಹೊಗೆ, ಕಲ್ಲು, ಚಿನ್ನ ಒಂದು ಚೂರೂ ಇಲ್ಲ, ಕೊನೆಗೆ ಆಚೆ ಕಡೆ ಒಂದು ಊರು, ಬಾವಿ, ಒಣ ಹಾಕಿದ ಬಟ್ಟೆ, ಎತ್ತಿಕೊಂಡು ಹೋದರು ಅಂತ ಡಂಗುರ ಹೊಡೆದಿದ್ದ ಕುಂಬಾರ ಅಲ್ಲಿ ಮಡಕೆ ತಟ್ಟುತ್ತಿದ್ದಾನೆ, ಮಸಿ ಯಾಕೆ ಅಂದರೆ ಅವರು ಇದ್ದಿಲು ಸುಡುವ ಜನ, ಅಷ್ಟೇ, ಹಚ್ಚಿಕೊಂಡದ್ದಲ್ಲ, ಕೆಲಸ ಮಾಡಿದ ಮುಖ. ಬಿಡಿಸಿಕೊಂಡು ಬಾ ಅಂತ ರಾಜ ಹೇಳಿದ್ದ ನೇಕಾರನ ಮಗಳು ಬಾವಿಕಟ್ಟೆಯ ಮೇಲೆ ಕೂತು ಹೇಳಿದಳು, ನನ್ನನ್ನ ಯಾರೂ ಹೊತ್ಕೊಂಡು ಬರ್ಲಿಲ್ಲ, ನಾನೇ ನಡ್ಕೊಂಡು ಬಂದೆ, ಅಂತ ಅರ್ಥ ಬರುವ ಇಂಗ್ಲಿಷಿನಲ್ಲಿ. ದಿವ್ಯ ಕೌಂಟರಿನ ಹಿಂದೆ ಫೋನು ಹಿಡಿದು ಕೂತೇ ಇದ್ದಳು, ಕೆಮ್ಮಿನ ಸಿರಪ್ಪು ಕೇಳಿದ ಗಿರಾಕಿ ಎರಡು ಸಲ ಕೇಳಬೇಕಾಯಿತು, ಅವಳಿಗೆ ಕಂಡದ್ದು ಕ್ಯಾಲನೂರಿನ ಬಸ್ ಸ್ಟಾಪು, ಅಣ್ಣ ಹೊರಟ ಬೆಳಿಗ್ಗೆ, ಯಾರು ಎಳೆದುಕೊಂಡು ಹೋಗುತ್ತಿದ್ದರು ಅವನನ್ನ, ಯಾರೂ ಇಲ್ಲ, ಹೊಸ ಚಪ್ಪಲಿ ಹಾಕಿಕೊಂಡಿದ್ದ, ತಲೆ ಬಾಚಿದ್ದ, ಬಸ್ಸು ಇನ್ನೂ ನಿಲ್ಲುವುದಕ್ಕೆ ಮುಂಚೆಯೇ ಫುಟ್‌ಬೋರ್ಡಿಗೆ ಕಾಲಿಟ್ಟಿದ್ದ, ಹಾಗಾದರೆ ಚಿನ್ನಕ್ಕೆ ಅಂತ ಅವಳು ಕಡಿದು ಹಾಕಿದ ಮಸಿಮುಖದವರೆಲ್ಲ ಇದ್ದಿಲಿನ ಬುಟ್ಟಿ ಹೊತ್ತವರೇ ಇರಬೇಕು. ಸಂಜೆ ಮತ್ತೆ ಮೆಸೇಜು ಬಂತು, ಹಣ್ಣಿನ ಕಾಲ, ಒಂದ್ಸಲ ಬಂದು ಹೋಗು, ಇಲ್ಲಿ ಯಾರೂ ನಿನ್ನ ಹೆಸರು ಮರೆಸಲ್ಲ — ಅಣ್ಣ ಇಷ್ಟು ಚೆನ್ನಾಗಿ ಮಾತಾಡುವುದನ್ನು ಯಾವಾಗ ಕಲಿತ ಅನ್ನಿಸಿತು, ಭಾನುವಾರ ಬರ್ತೀನಿ ಅಂತ ಬರೆದುಬಿಟ್ಟಳು.

ರಾಯಲ್ಪಾಡಿನ ಸ್ಟಾಪಿನಲ್ಲಿ ಅಣ್ಣ ಸ್ಕೂಟರಿನ ಮೇಲೆ ಕಾಲೂರಿ ನಿಂತಿದ್ದಾನೆ, ದಪ್ಪಗಾಗಿದ್ದಾನೆ, ಡಬ್ಬಿ ತಗೊಂಡು ಮೂಸಿ, ನಿಪ್ಪಟ್ಟು ಅಂದ, ಹತ್ತು, ಶ್ವೇತ ಹೇಳಿದ್ಲು ನೀನು ಬರ್ತೀಯ ಅಂತ, ನಂಗೆ ನಂಬಿಕೇನೇ ಬರ್ಲಿಲ್ಲ ಕಣೇ. ಶ್ವೇತ ಹೇಳಿದಳೇ, ನಿನಗೇ ಅಲ್ಲವಾ ನಾನು ಬರೆದದ್ದು, ಕೇಳಬೇಕು ಅನ್ನುವಷ್ಟರಲ್ಲಿ ಗಾಳಿ ಬಾಯಿಗೆ ಬಡಿಯಿತು, ತೋಪಿನ ಮಣ್ಣು ರಸ್ತೆ, ಸ್ಕೂಟರು ಕುಣಿಯುತ್ತೆ, ಹಿಂದಿನ ಹಾಗೇ ಅವನ ಅಂಗಿಯ ಚುಂಗು ಹಿಡಿದುಕೊಂಡಳು, ಮನೆಯ ಮುಂದೆ ಹುಲ್ಲಿನ ಮೇಲೆ ಕಾಯಿಗಳ ಗುಡ್ಡೆ, ಅದರ ಪಕ್ಕ ಕಾಲು ಚಾಚಿ ಕೂತು ಕಾಯಿ ಆರಿಸುತ್ತಿದ್ದ ದಪ್ಪ ಹೆಂಗಸು, ಅಣ್ಣನ ಅತ್ತೆ ದೊಡ್ಡಗಂಗಮ್ಮ, ರಾಮ್ಮಾ ರಾ, ಬಾ ಒಳಗೆ, ಬಿಸಿಲಲ್ಲಿ ಬಂದೆ, ಅಂತ ಎರಡೂ ಭಾಷೆಯಲ್ಲಿ ಕರೆದಳು — ಗಂಡ ತೀರಿಕೊಂಡ ಮೇಲೆ ತಾಯಿ ಮಗಳು ಇಬ್ಬರೇ ಈ ತೋಪು ನೋಡಿಕೊಂಡಿದ್ದವರು, ಇವರೇ ಏನು ಆ ಎತ್ತಿಕೊಂಡು ಹೋದವರು, ಕಾಲಿನ ಬೆರಳಿಗೆ ಸೊನೆ ಅಂಟಿಸಿಕೊಂಡು ಕೂತಿರುವ ಇವರು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಏನೂ ಕಾಣದು, ಕತ್ತಲು ಕತ್ತಲು, ಹೊಸ್ತಿಲು ದಾಟಿ ಕಾಲು ಎತ್ತಿದ್ದಾಳೆ, ಆಗ ಒಳಗಿನಿಂದ ಒಂದು ಹೆಣ್ಣು ಧ್ವನಿ, ಆಗು ಆಗು.

ಎತ್ತಿದ ಕಾಲು ಹಾಗೇ ನಿಂತಿತು. ಕಣ್ಣು ಹೊಂದಿಕೊಂಡಂತೆ ಕಂಡಿತು, ನೆಲದ ಮೇಲೆ ಬಿಳೀ ಪಂಚೆ, ಅದರ ತುಂಬ ಉಪ್ಪು ಅರಿಶಿನ ಸವರಿದ ಮಾವಿನಕಾಯಿ ಹೋಳು, ಉಪ್ಪಿನಕಾಯಿಗೆ, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅದರ ಮೇಲೇ, ಅದರಾಚೆ ಮಂಡಿಯೂರಿ ಕೂತ ಶ್ವೇತ, ಫೋಟೋದಲ್ಲಿ ಮುಚ್ಚಿದ್ದ ಮುಖ, ಸಣ್ಣ ಮುಖ, ಹೆದರಿದ ಮುಖ, ತಡೆಯಲಿಕ್ಕೆ ಅಂತ ಚಾಚಿದ ಕೈಯ ಹೆಬ್ಬೆರಳು ಉಗುರಿನ ತನಕ ಹಳದಿ. ಆಗು — ಅವರ ಭಾಷೆಯಲ್ಲಿ ನಿಲ್ಲು, ನಮ್ಮ ಭಾಷೆಯಲ್ಲಿ ಆಗು, ಏನಾಗಲಿ, ದಿವ್ಯ ನಿಂತಳು, ಅಷ್ಟಾಯಿತು. ಊಟಕ್ಕೆ ಕೂತಾಗ ಅಣ್ಣನನ್ನು ಕೇಳಿಯೇಬಿಟ್ಟಳು, ಕಣಿವೆ ಆಚೆ ಆ ಕುಂಬಾರ ಚೆನ್ನಾಗಿದ್ದ ಅಲ್ವೇನೋ. ಯಾವ ಕುಂಬಾರ, ಅಂದ ಅಣ್ಣ, ಮುದ್ದೆ ಮುರಿಯುತ್ತಾ, ಆ ಆಟಾನಾ, ಅದನ್ನ ಬಿಟ್ಟು ಎಷ್ಟು ಕಾಲ ಆಯ್ತು, ತೋಪಿಂದ ಬಂದು ಉಂಡ್ರೆ ಕಣ್ಣೇ ನಿಲ್ಲಲ್ಲ ಕಣೇ, ಫೋನು ಇವಳ ಹತ್ರಾನೇ ಇರುತ್ತೆ. ಸಾರು ಬಡಿಸುತ್ತಿದ್ದ ಶ್ವೇತಳ ಸೌಟು ಗಾಳಿಯಲ್ಲೇ ನಿಂತಿತು, ಸೌಟಿನ ಹಿಡಿಯ ಮೇಲೆ ಒತ್ತಿಕೊಂಡ ಹಳದಿ ಹೆಬ್ಬೆರಳು, ಅದೊಂದನ್ನೇ ನೋಡುತ್ತಾ ದಿವ್ಯ, ಇದೇ, ಈ ಬೆರಳೇ, ಅಮ್ಮನ ಮಂಡಿ ನೋವು ಕೇಳಿದ್ದು, ಅಪ್ಪ ಏನಾದರೂ ಅಂದರಾ ಅಂತ ಕೇಳಿದ್ದು, ಮಸಿ ಬಳ್ಕೊಂಡಿಲ್ಲ ಅಷ್ಟೇ ಅನ್ನುವುದನ್ನು ಓದಿಯೂ ಅಷ್ಟು ಹೊತ್ತು ಸುಮ್ಮನಿದ್ದು, ಇರಬಹುದು ಅಂತ ಬರೆದದ್ದು, ಕೆನ್ನೆ ಬಿಸಿಯಾಯಿತು, ಸಾರಿಗೆ ಖಾರ ಜಾಸ್ತಿ ಅಂತ ಅಣ್ಣ ನೀರು ತಳ್ಳಿದ.

ಊಟವಾದ ಮೇಲೆ ಅಣ್ಣ ಗೋಡೆಗೆ ಒರಗಿದವನು ಅಲ್ಲೇ ನಿದ್ದೆ, ಇವರಿಬ್ಬರೂ ಹಿತ್ತಲ ಮರದ ಕೆಳಗೆ ಹಗ್ಗದ ಮಂಚದ ಮೇಲೆ, ಗಾಳಿಗೆ ಎಲೆ ಮಗುಚಿ ಮಗುಚಿ ಬೆಳಕು ಕಾಲಿನ ಮೇಲೆ ಓಡಾಡುತ್ತೆ, ಶ್ವೇತ ಹಣ್ಣು ಕೊಯ್ಯುತ್ತಾ ಮುಖ ಎತ್ತದೆ ಹೇಳಿದಳು, ಮೊದಲ ದಿನ ಅವರನ್ನ ಎಬ್ಬಿಸೋಕೆ ಹೋದೆ, ಏಳಲಿಲ್ಲ, ನೀನು ಆಟದಲ್ಲಿ ಒಬ್ಬಳೇ ಕಾಯ್ತಾ ನಿಂತಿದ್ದೆ, ಪಾಪ ಅನ್ನಿಸ್ತು. ಆಮೇಲೆ ಬಿಡೋಕೆ ಆಗ್ಲಿಲ್ಲ, ನಿಮ್ಮ ಮನೇಲಿ ಒಬ್ರಾದ್ರೂ ನನ್ನ ಜೊತೆ ಮಾತಾಡ್ಲಿ ಅಂತ. ದಿವ್ಯ ಕೇಳಿದಳು, ಅವತ್ತು ನಾನು ಹಾಗೆ ಬರೆದಾಗ ಯಾಕೆ ಬೈಲಿಲ್ಲ ಅತ್ತಿಗೆ. ಅತ್ತಿಗೆ — ಸಲೀಸಾಗಿ ಬಂದುಬಿಟ್ಟಿತು, ಅಮ್ಮನ ತುಟಿಯಿಂದ ವಾಪಸ್ಸು ಹೋಗಿದ್ದ ಮಾತು. ಬೈದಿದ್ರೆ ನೀನು ಆಟ ಬಿಟ್ಟು ಹೋಗ್ತಿದ್ದೆ, ಅಂದಳು ಶ್ವೇತ, ಹೋಳೊಂದನ್ನು ಮುಂದೆ ಚಾಚಿ, ತಿನ್ನು. ತಿಂದಳು, ರಸ ಮೊಣಕೈ ತನಕ ಇಳಿಯಿತು, ಇಬ್ಬರಿಗೂ ನಗು ಬಂತು, ಇಷ್ಟು ದಿನ ಒಂದೇ ಕಣಿವೆಯಲ್ಲಿ ಜೊತೆಗೆ ಓಡಾಡಿದವರ ನಗು, ಪರಿಚಯ ಮಾಡಿಕೊಳ್ಳಬೇಕಾದ್ದೇ ಇಲ್ಲ, ಮುಖ ಒಂದು ಹೊಸದು ಅಷ್ಟೇ, ಹೊಟ್ಟೆ ತುಂಬಿದೆ, ಮರದ ಮೇಲೆ ಯಾವುದೋ ಹಕ್ಕಿ, ಹೀಗೇ ಸಂಜೆ ಆಗದೆ ಇರಬಾರದೇ ಅನ್ನಿಸುತ್ತಿರುವಾಗ ಫೋನು ಬಡಿದುಕೊಂಡಿತು, ಅಮ್ಮ. ದಿವ್ಯಳ ಎರಡೂ ಕೈ ರಸ, ಎತ್ತಿ ಅತ್ತಿಗೆ, ಅಂದಳು, ಬೇಕೆಂದೇ ಅಂದಳೋ ಕೈ ಅಂಟು ಅಂತ ಅಂದಳೋ ಅವಳಿಗೇ ಗೊತ್ತಿಲ್ಲ, ಶ್ವೇತ ಇವಳ ಮುಖ ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಹಳದಿ ಹೋಗುವುದೇ ಅದು, ಹೆಬ್ಬೆರಳು ಪರದೆಯನ್ನು ಒತ್ತಿತು, ಆ ಕಡೆಯಿಂದ ಬಂದದ್ದು ಅಮ್ಮನ ಧ್ವನಿಯಲ್ಲ, ಅಪ್ಪ, ತಲುಪಿದ್ಯಾಮ್ಮ ದಿವ್ಯ. ದಿವ್ಯ ಅಲ್ಲ ಮಾವ, ನಾನು ಶ್ವೇತ. ಗಾಳಿ, ಆ ಕಡೆ ಹಸು ಗಂಟೆ ಅಲ್ಲಾಡಿಸಿದ ಸದ್ದು, ಫೋನು ಇಡುತ್ತಾನೆ, ಈಗ ಇಡುತ್ತಾನೆ ಅಂದುಕೊಂಡಳು ದಿವ್ಯ — ಅಪ್ಪ ಕೇಳಿದ, ಮೊನ್ನೆ ಗಾಳಿ ಜೋರಿತ್ತು, ನಿಮ್ಮ ಕಡೆ ಕಾಯಿ ಉದುರಿತೇನಮ್ಮ. ಉದುರಿತು ಮಾವ, ಆಚೆ ಸಾಲಿಂದು ಜಾಸ್ತಿ, ಈಚೆದು ಉಳೀತು, ಶ್ವೇತ ಹೇಳುತ್ತಾ ಇದ್ದಾಳೆ, ಅಪ್ಪ ಅದಕ್ಕೆ ಏನೋ ಕೇಳುತ್ತಾ ಇದ್ದಾನೆ, ಯಾವ ತಳಿ, ಎಷ್ಟು ವರ್ಷದ ಗಿಡ, ಮಾತು ಯಾವುದೂ ದಿವ್ಯಳ ಕಿವಿಗೆ ನಿಲ್ಲುತ್ತಿಲ್ಲ, ಅವಳು ನೋಡುತ್ತಿದ್ದಾಳೆ, ಫೋನನ್ನು ಕಿವಿಗೆ ಒತ್ತಿ ಹಿಡಿದ ಕೈ, ಕೆನ್ನೆಯ ಪಕ್ಕ ನೆಟ್ಟಗೆ ನಿಂತ ಹೆಬ್ಬೆರಳು, ಉಗುರಿನ ತನಕ ಹಳದಿ, ಹಳದಿ ಹೆಬ್ಬೆರಳು