ಎರಡನೇ ಪಿಟೀಲು

ಆ ಸುಳ್ಳನ್ನು ಹೇಳಿದವಳು ನಾನು, ನನ್ನ ಗಂಡನಲ್ಲ. ಚಹಾದ ತಟ್ಟೆ ಕೈಯಲ್ಲಿ ಹಿಡಿದುಕೊಂಡು, ನಿಂತ ನಿಲುವಿನಲ್ಲಿ ಹೇಳಿದೆ. ಆಮೇಲೆ ಮೂರು ತಿಂಗಳು ಅದನ್ನು ಸಾಕಿದೆ. ದನ ಸಾಕಿದ್ದರೆ ಹಾಲಾದರೂ ಸಿಗುತ್ತಿತ್ತು, ಇದು ನನ್ನ ನಿದ್ದೆಯನ್ನೇ ತಿಂದು ಬೆಳೆಯಿತು.

೧೯೬೧ರ ಆಗಸ್ಟ್. ಮಣಿಪಾಲದ ಗುಡ್ಡದ ಮೇಲೆ ಹೊಸದಾಗಿ ಒಂದು ಸಂಜೆ ಕಾಲೇಜು ಶುರುವಾಗಿತ್ತು. ಹಗಲಿಡೀ ಅಂಗಡಿ, ಆಫೀಸುಗಳಲ್ಲಿ ದುಡಿದವರು ಸಂಜೆ ಅಲ್ಲಿಗೆ ಹೋಗಿ ಟೈಪಿಂಗು, ಇಂಗ್ಲಿಷು ಕಲಿಯುತ್ತಿದ್ದರು. ಇಂಗ್ಲಿಷ್ ಕಲಿಸಲು ಬೊಂಬಾಯಿಯಿಂದ ಬಂದ ಹೆರಾಲ್ಡ್ ಮೇಷ್ಟ್ರಿಗೆ ಪಿಟೀಲಿನ ಹುಚ್ಚು. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ತಿಂಗಳಿಗೊಂದು ಭಾನುವಾರ ಕಾಲೇಜಿನ ಓದುವ ಕೋಣೆಯಲ್ಲಿ ಚೇಂಬರ್ ಮ್ಯೂಸಿಕ್ ನಡೆಸುವುದೆಂದು ಅವರು ಪ್ರಿನ್ಸಿಪಾಲರನ್ನು ಒಪ್ಪಿಸಿದ್ದರು. ಅಂದರೆ ಮೈಕಿಲ್ಲ, ಮಂಟಪವಿಲ್ಲ. ನಾಲ್ಕು ಜನ ಎದುರುಬದುರು ಕುಳಿತು ನುಡಿಸುವುದು, ಐವತ್ತು ಜನ ಕೆಮ್ಮದೆ ಕೇಳುವುದು. ಅವರೂ ಸೇರಿ ಮೂವರಾಗಿದ್ದರು. ಎರಡನೇ ಪಿಟೀಲಿಗೆ ಜನ ಹುಡುಕುತ್ತಾ ಅವರು ಬನ್ನಂಜೆಯ ನಮ್ಮ ಬಾಡಿಗೆ ಮನೆಗೆ ಬಂದರು.

ನನ್ನ ಗಂಡನ ಹೆಸರು ಲಿಗೋರಿ. ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ, 'ಇವರು' ಎಂದೇ ಹೇಳುತ್ತೇನೆ. ಇವರಿಗೆ ಉಡುಪಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಅಕ್ಷರಗಳನ್ನು ತಲೆಕೆಳಗಾಗಿ ಓದಬಲ್ಲರು. ಆದರೆ ಐದು ಗೆರೆಗಳ ಮೇಲೆ ಬರೆದ ಸಂಗೀತವನ್ನು ಓದಲು ಬರುವುದಿಲ್ಲ. ಪಿಟೀಲು ಕಲಿತದ್ದು ಇಗರ್ಜಿಯ ಕೊಯರಿನಲ್ಲಿ, ಹಾಡುವವರ ಗುಂಪಿನ ಜೊತೆ, ಬರೀ ಕಿವಿಯಿಂದ. ಎರಡು ಸಲ ಕೇಳಿದ್ದನ್ನು ಮೂರನೆಯ ಸಲ ನುಡಿಸುವ ಕಿವಿ ಅದು. ಗೆರೆ ಓದಲು ಬರುವುದು ನನಗೆ. ಕಾನ್ವೆಂಟಿನ ಸಿಸ್ಟರುಗಳು ಬೆರಳಿಗೆ ಹೊಡೆದು ಕಲಿಸಿದ್ದರು.

ಹೆರಾಲ್ಡ್ ಮೇಷ್ಟ್ರು ಇವರ ಪಿಟೀಲು ಕೇಳಿ ಖುಷಿಯಾಗಿ, ನೊಟೇಶನ್ ಓದುತ್ತೀರಿ ಅಲ್ವಾ ಎಂದು ಕೇಳಿದರು. ಇವರು ಬಾಯಿ ತೆರೆದರು. ಅಷ್ಟರಲ್ಲಿ ನಾನು, ಓದುತ್ತಾರೆ, ನೀರು ಕುಡಿದಷ್ಟು ಸಲೀಸು ಎಂದುಬಿಟ್ಟೆ. ಇವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ತಲೆಯಾಡಿಸಿದರು.

ಯಾಕೆ ಹೇಳಿದೆ ಎಂದರೆ, ಹೆದರಿಕೆ. ಎರಡು ವರ್ಷದ ಹಿಂದೆ, ಇಪ್ಪತ್ತು ವರ್ಷ ಕೊಯರ್ ನಡೆಸಿದ ಇವರಿಗೆ ಒಂದು ಭಾನುವಾರ ಪಾದ್ರಿಗಳು ಉಳಿದ ಜನರ ಜೊತೆ ಬೆಂಚಿನಲ್ಲಿ ಕುಳಿತುಕೊಳ್ಳಲು ಹೇಳಿದರು. ನೊಟೇಶನ್ ಓದುವ ಹೊಸಬರೊಬ್ಬರು ಬಂದಿದ್ದರು. ಇವರು ಮಂಗಳವಾರ ಮಧ್ಯಾಹ್ನ ಕಾಪುವಿಗೆ ಬಸ್ಸು ಹತ್ತಿ, ಲೈಟ್‌ಹೌಸಿನ ಬಂಡೆಯ ಪಕ್ಕದಲ್ಲಿ ಬೂಟು ಹಾಕಿಕೊಂಡೇ ಕಡಲಿಗೆ ಇಳಿದರು. ಬಲೆ ಒಣಗಿಸುತ್ತಿದ್ದ ಕಿಟ್ಟ ಎಂಬವರು ಎಳೆದು ತಂದು ಮನೆಗೆ ಮುಟ್ಟಿಸಿದರು. ಈಜಲು ಹೋಗಿದ್ದೆ ಎಂದರು ಇವರು. ಬೂಟು ಹಾಕಿಕೊಂಡು ಈಜುವವರುಂಟೇ? ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಭಯ. ಮಾನಕ್ಕೆ ಅಂಜುವ ಮನುಷ್ಯನಿಗೆ ಇನ್ನೊಂದು ಸಲ ಅದೇ ಅವಮಾನವಾದರೆ ಕಿಟ್ಟ ಅಲ್ಲಿರುತ್ತಾರೆ ಎಂದು ಯಾರು ಹೇಳಬಲ್ಲರು? ಅಂದಿನಿಂದ ಇವರು ಮನೆಗೆ ಬರುವುದು ಹತ್ತು ನಿಮಿಷ ತಡವಾದರೂ ನಾನು ರಸ್ತೆಗೆ ಬಂದು ನಿಲ್ಲುತ್ತಿದ್ದೆ.

ಸುಳ್ಳು ಹೇಳಿಯಾಯಿತು, ನಿಭಾಯಿಸಬೇಕಲ್ಲ. ಹೆರಾಲ್ಡ್ ಮೇಷ್ಟ್ರು ಕೊಟ್ಟ ಕಾಗದಗಳನ್ನು ನಾನು ಅಡುಗೆಮನೆಯ ಗೋಡೆಗೆ ಒರಗಿಸಿ, ಬಂಗುಡೆ ಮೀನು ಕೊಯ್ಯುತ್ತಾ ಹಾಡುತ್ತಿದ್ದೆ. ಇವರು ಬಾಗಿಲಿನಲ್ಲಿ ಕುಳಿತು ನುಡಿಸುತ್ತಿದ್ದರು. ಎರಡನೇ ಪಿಟೀಲಿನ ದಾರಿ ಬಹಳ ಕಷ್ಟ, ಅದರಲ್ಲಿ ಹಾಡೇ ಇರುವುದಿಲ್ಲ. ಮೊದಲನೆಯವನು ಹಾಡಿಕೊಂಡು ಹೋಗುತ್ತಾನೆ, ಇವರು ಪಕ್ಕದಲ್ಲಿ ಕೊಡೆ ಹಿಡಿದು ನಡೆಯಬೇಕು. ಆದರೂ ಒಂದೂವರೆ ತಿಂಗಳಲ್ಲಿ ಇಡೀ ನಾಲ್ಕು ಭಾಗ ಬಾಯಿಪಾಠವಾಯಿತು. ಯಾವ ಜಾಗದಲ್ಲಿ ಹಾಳೆ ಮಗುಚಬೇಕು ಎಂಬುದನ್ನೂ ಕಲಿಸಿದೆ. ಪಕ್ಕದ ಮನೆಯ ಪುಷ್ಪಾವತಿ, ನಿಮ್ಮಲ್ಲಿ ಎಂತ ಮದುವೆ ಉಂಟಾ ಎಂದು ಕೇಳಿದಳು.

ನಾನು ಮಾಡಿದ ತಪ್ಪು ಅಲ್ಲೇ ಇತ್ತು. ಕೊಯರಿನಲ್ಲಿ ಯಾವ ಕಂತಾರನ್ನೂ, ಅಂದರೆ ಭಕ್ತಿಗೀತೆಯನ್ನೂ, ನಡುವಿನಿಂದ ಎತ್ತಿಕೊಳ್ಳುವುದಿಲ್ಲ. ತಪ್ಪಿದರೆ ಮತ್ತೆ ಮೊದಲಿನಿಂದ, ಹೀಗೇ ನಾವು ಬೆಳೆದದ್ದು. ನಾನು ಇವರಿಗೆ ಹಾಗೇ ಕಲಿಸಿದೆ, ಇವರು ಹಾಗೇ ಕಲಿತರು. ದೇವರ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು ಯಾವುದು ಎಂದು ಕೇಳಿದರೆ ಮೊದಲನೆಯದರಿಂದ ಹೇಳಿಕೊಂಡು ಬರುವ ಮಕ್ಕಳ ಹಾಗೆ. ಆದರೆ ಹೆರಾಲ್ಡ್ ಮೇಷ್ಟ್ರ ಪದ್ಧತಿಯೇ ಬೇರೆ. ಕಾಗದದ ಮೇಲೆ ಎ, ಬಿ, ಸಿ ಎಂದು ಗುರುತುಗಳಿರುತ್ತವೆ. ತಪ್ಪಿದ ಕಡೆ ನಿಲ್ಲಿಸಿ, 'ಸಿ'ಯಿಂದ ಬನ್ನಿ ಎನ್ನುತ್ತಾರೆ. ಆ ಗುರುತುಗಳು ಯಾತಕ್ಕೆಂದು ನಾನು ಯೋಚಿಸಿಯೇ ಇರಲಿಲ್ಲ.

ಅಕ್ಟೋಬರಿನಲ್ಲಿ ಮೊದಲ ಸಲ ಹೀಗಾದಾಗ ಇವರು ತಂತಿ ಸಡಿಲಾಗಿದೆ ಎಂದು ಪಿಟೀಲಿನ ಬಿರಡೆ ತಿರುಪಿ ಹೊತ್ತು ಕಳೆದರಂತೆ. ಎರಡನೆಯ ಸಲ ಕೆಮ್ಮಿದರು. ಮೂರನೆಯ ಸಲ, ಮೊದಲಿನಿಂದ ನುಡಿಸುವುದೇ ಬರೆದವನಿಗೆ ಕೊಡುವ ಮರ್ಯಾದೆ ಎಂದರು. ಹೆರಾಲ್ಡ್ ಮೇಷ್ಟ್ರು ಮೆಚ್ಚಿ ತಲೆದೂಗಿದರಂತೆ. ಮನೆಯಲ್ಲಿ ನಾನು 'ಸಿ'ಯಿಂದ, 'ಡಿ'ಯಿಂದ ಹಾಡಿ ಕಲಿಸಲು ನೋಡಿದೆ. ಇವರ ಕೈ ಹೊರಡಲೇ ಇಲ್ಲ. ನನಗೆ ಅಳು ಬಂತು. ಇವರು ನನ್ನನ್ನು ನೋಡಿ, ಆದೀತು, ಹೆದರಬೇಡ ಎಂದರು.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು ನನ್ನ ಸ್ಥಿತಿ. ಅಷ್ಟರಲ್ಲಿ ನಾಲ್ಕು ಕಛೇರಿಗಳ ನೋಟೀಸು ಅಚ್ಚಾಗಿ ಉಡುಪಿ ಬಸ್‌ಸ್ಟ್ಯಾಂಡಿನಿಂದ ಕಾರ್ಕಳದವರೆಗೂ ಗೋಡೆ ಹತ್ತಿತು. ಮೊಳೆ ಜೋಡಿಸಿದ್ದು ಇವರೇ. 'ಎರಡನೇ ಪಿಟೀಲು: ಲಿಗೋರಿ' ಎಂದು ತಮ್ಮ ಹೆಸರನ್ನು ತಾವೇ ಜೋಡಿಸಿ, ಒಂದು ಪ್ರತಿ ತಂದು ನನಗೆ ತೋರಿಸಿದರು. ಅಂಬಲಪಾಡಿಯಲ್ಲಿ ಅದನ್ನು ಗೋಡೆಯ ಮೇಲೆ ಕಂಡಾಗ ನನಗೆ ಮರಣದ ನೋಟೀಸು ನೋಡಿದ ಹಾಗಾಯಿತು.

ಮೊದಲ ಕಛೇರಿ ನವೆಂಬರಿನ ಕೊನೆಯ ಭಾನುವಾರ. ಅದಕ್ಕೆ ಮೂರು ದಿನ ಮೊದಲು, ಗುರುವಾರ, ಪ್ರೆಸ್ಸಿಗೆ ಅರ್ಧ ದಿನದ ರಜೆ ಹಾಕಿ ಇವರು ಅಭ್ಯಾಸಕ್ಕೆ ಹೋಗಿದ್ದರು. ನಾಲ್ಕು ಗಂಟೆಗೆ ಪಾಸ್ಕಲ್ ಬಂದರು. ಅವರು ಇವರ ಪಕ್ಕದಲ್ಲಿ ಕುಳಿತು ವಿಯೋಲಾ, ಪಿಟೀಲಿಗಿಂತ ಒಂದಿಷ್ಟು ದೊಡ್ಡ ವಾದ್ಯ, ನುಡಿಸುವವರು. ಅವರ ಕೈಯಲ್ಲಿ ಇವರ ಪಿಟೀಲಿನ ಪೆಟ್ಟಿಗೆ ಇತ್ತು. ಅದನ್ನು ಕಂಡದ್ದೇ ಇವರೆಲ್ಲಿ ಎಂದು ಕೇಳಿದೆ.

ಹೆರಾಲ್ಡ್ ಮೇಷ್ಟ್ರು 'ಇ'ಯಿಂದ ಬನ್ನಿ ಎಂದರಂತೆ. ಇವರು ಹುಡುಕುವವರ ಹಾಗೆ ಹಾಳೆ ಮಗುಚಿದರಂತೆ. ಬೆರಳಿಟ್ಟು ತೋರಿಸಿ, ಇಲ್ಲಿಂದ ಎಂದರಂತೆ. ಇವರು ಪಿಟೀಲನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋದರು, ಒಂದು ಗಂಟೆ ಕಾದರೂ ಬರಲಿಲ್ಲ. ಮನೆಗೆ ಬಂದಿರಬಹುದೆಂದು ಪಾಸ್ಕಲ್ ಇಲ್ಲಿಗೆ ಬಂದದ್ದು.

ಪಿಟೀಲು ಬಿಟ್ಟು ಇವರು ಬಚ್ಚಲಿಗೆ ಹೋಗುವುದೂ ಅಪರೂಪ. ನಾನು ಬಾಗಿಲಿಗೆ ಚಿಲಕವನ್ನೂ ಹಾಕಲಿಲ್ಲ. ಕಾಪುವಿಗೆ ಹೋಗುತ್ತೇನೆ ಎಂದು ಪುಷ್ಪಾವತಿಗೆ ಕೂಗಿ ಹೇಳಿ ಬಸ್ಸಿಗೆ ಓಡಿದೆ. ಆ ಬಸ್ಸು ಎಲ್ಲ ಕಡೆ ನಿಂತಿತು. ಕಟಪಾಡಿಯಲ್ಲಿ ಒಬ್ಬರು ಬಾಳೆಗೊನೆಗಳನ್ನು ಮೇಲೆ ಹಾಕಿಸುತ್ತಾ ನಿಂತರು. ಅವರ ಕುತ್ತಿಗೆ ಹಿಸುಕಬೇಕೆನಿಸಿತು. ಬಾಯಲ್ಲಿ ಜಪಮಾಲೆಯ ಮಾತುಗಳು ಬರುತ್ತಿದ್ದವು, ಒಂದೂ ಕೊನೆ ಮುಟ್ಟುತ್ತಿರಲಿಲ್ಲ.

ಕಡಲಿಗೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಕಿಟ್ಟ ದೋಣಿಯ ಪಕ್ಕದಲ್ಲಿ ಕುಳಿತಿದ್ದರು, ಇವರನ್ನು ಕಾಣಲಿಲ್ಲ ಎಂದರು. ನಾನು ಬಂಡೆಯ ಸುತ್ತ ಹುಡುಕಿದೆ. ಮರಳಿನ ಮೇಲೆ ಹೆಜ್ಜೆಗಳು ಬೇಕಾದಷ್ಟಿದ್ದವು, ಯಾವುದು ಇವರದೆಂದು ತಿಳಿಯುವುದು ಹೇಗೆ? ಆಗ ನೀರಿನಲ್ಲಿ ಕಪ್ಪಗೆ ಏನೋ ಏಳುತ್ತಾ ಮುಳುಗುತ್ತಾ ಇರುವುದು ಕಂಡಿತು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಹೆಸರು ಹಿಡಿದು ಕೂಗಿದೆ. ಕೂಗುತ್ತಾ ನೀರಿಗೆ ಇಳಿದೆ. ಸೀರೆ ಕಾಲಿಗೆ ಸುತ್ತಿಕೊಂಡಿತು, ಒಂದು ತೆರೆ ಬಂದು ಮುಖಕ್ಕೆ ಹೊಡೆಯಿತು. ಕಪ್ಪಗಿದ್ದದ್ದು ಕೈಗೆ ಸಿಕ್ಕಿತು. ಅದು ತೆಂಗಿನ ಮರದ ಬುಡ.

ಹಿಂದಿನಿಂದ ಯಾರೋ ತೋಳು ಹಿಡಿದು ಎಳೆದರು. ಕಿಟ್ಟ. ದಡಕ್ಕೆ ತಂದು ಹಾಕಿ, ಏದುಸಿರು ಬಿಡುತ್ತಾ, "ನಿಮ್ಮ ಮನೆಯಲ್ಲಿ ಎಲ್ಲರದೂ ಇದೇ ಕಥೆಯಾ ಮಾರಾಯ್ತಿ?" ಎಂದು ಬೈದರು. ಅವರೇ ನನ್ನನ್ನು ಬಸ್ಸು ಹತ್ತಿಸಿದರು.

ದಾರಿಯುದ್ದಕ್ಕೂ ನಾನು ವಿಧವೆಯಾಗಿಯೇ ಕುಳಿತಿದ್ದೆ. ಯಾರಿಗೆ ತಂತಿ ಕೊಡಬೇಕು, ಕೆಮ್ಮಣ್ಣಿನಲ್ಲಿರುವ ಇವರ ತಂಗಿ ಆನಿಗೆ ಏನು ಹೇಳಬೇಕು ಎಂದು ಯೋಚಿಸಿದೆ. ಆ ಒಂದು ಮಾತನ್ನು ನಾನು ಹೇಳದೆ ಇದ್ದಿದ್ದರೆ ಇವರು ಇವತ್ತು ಬದುಕಿರುತ್ತಿದ್ದರು ಎಂದು ಖಚಿತವಾಗಿ ತಿಳಿದಿತ್ತು.

ಬನ್ನಂಜೆಯಲ್ಲಿ ಬಸ್ಸು ಇಳಿದರೆ ಇವರು ರಸ್ತೆಯ ಬದಿಯಲ್ಲಿ ನಿಂತಿದ್ದಾರೆ. ಕಾಪುವಿನ ಕಡೆಗೆ ಹೋಗುವ ಬಸ್ಸಿಗೆ ಕೈ ತೋರಿಸುತ್ತಿದ್ದರು. ನನ್ನ ಒದ್ದೆ ಸೀರೆ ನೋಡಿ ಇವರ ಮುಖ ಸುಣ್ಣದಷ್ಟು ಬಿಳಿಯಾಯಿತು. ನಾನು ಓಡಿ ಹೋಗಿ ಇವರ ಎದೆಗೆ ಎರಡೂ ಕೈಯಿಂದ ಗುದ್ದಿದೆ. ರಸ್ತೆಯಲ್ಲಿ ಜನ ಇದ್ದರು, ಇದ್ದರೆ ಇರಲಿ.

ಮನೆಗೆ ಬಂದು ಇವರು ಹೇಳಿದ್ದಿಷ್ಟು. ಮಣಿಪಾಲದ ಗುಡ್ಡಕ್ಕೆ ಎರಡು ಸುತ್ತು ಬಂದರಂತೆ. ಆಮೇಲೆ ತಿರುಗಿ ಹೋಗಿ ಹೆರಾಲ್ಡ್ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದರಂತೆ. ಮೇಷ್ಟ್ರು ಕೆಂಡವಾದರು. ಭಾನುವಾರ ಉಳಿದ ಮೂವರೇ ಬೇರೆ ಏನಾದರೂ ನುಡಿಸುತ್ತೇವೆ, ನೀನು ಓದಲು ಕಲಿತು ಬಾ, ಆಮೇಲೆ ನೋಡೋಣ ಎಂದರು. ಅಲ್ಲಿಂದ ಇವರು ಸೀದಾ ಪ್ರೆಸ್ಸಿಗೆ ಹೋದರು. ಭಾನುವಾರದ ಕಾರ್ಯಕ್ರಮದ ಹಾಳೆ ಇನ್ನೂ ಅಚ್ಚಾಗಿರಲಿಲ್ಲ. ತಮ್ಮ ಹೆಸರಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಅದರದರ ಗೂಡಿಗೆ ಹಾಕಿ ಬಂದರು. ಅದಕ್ಕೇ ತಡವಾದದ್ದು. ಮನೆಗೆ ಬಂದಾಗ, ನಾನು ಕಾಪುವಿಗೆ ಓಡಿದ್ದನ್ನು ಪುಷ್ಪಾವತಿ ಹೇಳಿದಳಂತೆ.

ನಾಚಿಕೆಯಾಗಲಿಲ್ಲವೇ ಎಂದು ಕೇಳಿದೆ. ಸಾಯುವಷ್ಟು ಆಯಿತು ಎಂದರು. ಆ ಮಾತಿಗೆ ನನ್ನ ಮುಖ ಹೇಗಾಯಿತೋ, ಇವರು ಪಿಟೀಲಿನ ಪೆಟ್ಟಿಗೆಯನ್ನು ಬದಿಗೆ ಸರಿಸಿ ನನ್ನ ಎದುರಿಗೆ ಕುಳಿತರು.

"ಆವತ್ತು ಕಡಲಿಗೆ ಸಾಯಲಿಕ್ಕೇ ಇಳಿದದ್ದು," ಎಂದರು. "ಅದು ನಿನಗೆ ಗೊತ್ತುಂಟು. ಆದರೆ ನೀರು ಎದೆಗೆ ಬಂದಾಗ ನನಗೆ ಹೆದರಿಕೆಯಾಯಿತು. ಕಿಟ್ಟಣ್ಣ ನನ್ನನ್ನು ನೋಡಿಯೇ ಇರಲಿಲ್ಲ. ಅವರನ್ನು ಕೂಗಿ ಕರೆದದ್ದು ನಾನು. ನೀನು ಒಂದು ದಿನವೂ ಕೇಳಲಿಲ್ಲ, ಮ್ಯಾಗ್ಡಲಿನ್."

ಎರಡು ವರ್ಷ. ಎರಡು ವರ್ಷ ನಾನು ಸತ್ತವನೊಬ್ಬನನ್ನು ಕಾಯುತ್ತಿದ್ದೆ, ಬದುಕಬೇಕೆಂದು ಕೂಗಿದವನು ಪಕ್ಕದಲ್ಲೇ ಊಟ ಮಾಡುತ್ತಿದ್ದ. ಹಾಗಾದರೆ ಆಗಸ್ಟಿನಲ್ಲಿ ನನ್ನ ಸುಳ್ಳಿಗೆ ತಲೆಯಾಡಿಸಿದ್ದು ಯಾಕೆ ಎಂದು ಕೇಳಿದೆ.

"ನಿನ್ನ ಕೈಯಲ್ಲಿ ತಟ್ಟೆ ನಡುಗುತ್ತಿತ್ತು," ಎಂದರು. "ಓದಲು ಬರುವುದಿಲ್ಲ ಅಂದರೆ ನೀನು ಬಿದ್ದುಹೋಗುತ್ತೀ ಅಂತ ಅನಿಸಿತು."

ಭಾನುವಾರ ನಾವಿಬ್ಬರೂ ಮಣಿಪಾಲಕ್ಕೆ ಹೋದೆವು. ಹೋಗುವುದು ಬೇಡ ಎಂದು ನಾನು ಎಷ್ಟೋ ಹೇಳಿದೆ, ಕೇಳಲಿಲ್ಲ. ಓದುವ ಕೋಣೆಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತೆವು. ಗೋಡೆಯ ಮೇಲಿನ ನೋಟೀಸು ಓದಿದವರು ಇವರನ್ನು ಕುರ್ಚಿಯಲ್ಲಿ ಕಂಡು ಪಿಸುಗುಟ್ಟಿದರು. ಇವರ ಕಿವಿ ಕೆಂಪಾಯಿತು. ಎದುರಿಗೆ ಮೂವರು ನುಡಿಸತೊಡಗಿದರು. ಅವರೇನು ನುಡಿಸಿದರೆಂದು ನನಗೆ ತಿಳಿಯದು. ನಾನು ಇವರ ಕೈಬೆರಳುಗಳನ್ನು, ಗಂಟಲನ್ನು, ಉಸಿರನ್ನು ನೋಡುತ್ತಿದ್ದೆ. ಎದ್ದು ಹೋದರೆ ಯಾವ ಬಾಗಿಲಿನಿಂದ ಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಇವರು ನನ್ನ ಕಡೆಗೆ ಬಗ್ಗಿ, ಬಹಳ ಮೆಲ್ಲಗೆ, "ನನ್ನನ್ನು ಕಾದದ್ದು ಸಾಕು. ಆಚೆ ನೋಡು," ಎಂದರು.

ಮುಖ ತಿರುಗಿಸಲು ನನಗೆ ಬಹಳ ಧೈರ್ಯ ಬೇಕಾಯಿತು. ತಿರುಗಿಸಿದೆ.