ಲೈನಿಂಗ್ ಇಲ್ಲದ ಬಿಳಿ ಫ್ರಾಕು

ಮೂಲೆ ಅಂಗಡಿಯ ಟೈಲರಮ್ಮನ ಕೈಚಳಕಕ್ಕೆ ಬೀದಿಯೇ ತಲೆದೂಗುತ್ತಿತ್ತು. ಆದರೆ ಆರು ವರ್ಷದ ಮಗಳಿಗೆ ಮಾತ್ರ ಅವಳು ಹೊಲಿಯುತ್ತಿದ್ದುದು ಬರೀ ಗಾಢ ಬಣ್ಣದ ಫ್ರಾಕು, ಒಳಗೆ ಎರಡೆರಡು ಪದರ ಲೈನಿಂಗ್. ಪುಟ್ಟಿಯ ಚಡ್ಡಿ ಹಗಲೂ ರಾತ್ರಿ ಒದ್ದೆ. ಅದು ಹೊರಗೆ ಕಾಣಬಾರದೆಂಬುದೇ ತಾಯಿಯ ಹಟ. ಕಾಣುತ್ತಲೂ ಇರಲಿಲ್ಲ. ಆದರೆ ವಾಸನೆಯನ್ನು ಯಾವ ಲೈನಿಂಗ್ ತಡೆದೀತು? ಶಾಲೆಯಲ್ಲಿ ಪುಟ್ಟಿಯ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಈಗ ಅವಳು ಶಾಲೆಗೇ ಒಲ್ಲೆ ಅಂತ ಕೂತಿದ್ದಳು.

ತಮ್ಮ ಸಮವಸ್ತ್ರದ ಅಳತೆ ಕೊಡಲು ಬಂದ ಆರೋಗ್ಯ ಕೇಂದ್ರದ ನರ್ಸಕ್ಕ, "ಶಾಲೆ ಇಲ್ವೇನೇ ಪುಟ್ಟಿ?" ಎಂದು ಕೇಳಿದರು.

"ಚಡ್ಡೀಲೇ ಮಾಡ್ಕೊಂಡ್ರೆ ಯಾವ ಶಾಲೆ?" ಗುಂಡಿ ಹೊಲಿಯುತ್ತಿದ್ದ ಅಜ್ಜಿ ಸಿಡುಕಿದಳು. "ಎದ್ದು ಹೋಗೋಕೆ ಮೈಗಳ್ಳತನ!"

"ಮೂತ್ರಕ್ಕೆ ಹೋಗೋದೇ ಇಲ್ವಾ?"

"ಹೋಗ್ತಾಳಕ್ಕ, ಎಲ್ಲರ ಹಾಗೇ," ಅಂದಳು ಟೈಲರಮ್ಮ. "ಹೋಗಿ ಬಂದು ಐದು ನಿಮಿಷಕ್ಕೆ ಮತ್ತೆ ಒದ್ದೆ."

ನರ್ಸಕ್ಕ ಅಳತೆಗೆಂದು ಚಾಚಿದ್ದ ಕೈ ಇಳಿಸಿದರು. "ಹಾಗಾದ್ರೆ ಇದು ಮೈಗಳ್ಳತನ ಅಲ್ಲ. ಕಿಡ್ನಿಯಿಂದ ಮೂತ್ರಚೀಲಕ್ಕೆ ನಾಳ ಬರುತ್ತಲ್ಲ, ಕೆಲವು ಹೆಣ್ಣುಮಕ್ಕಳಿಗೆ ಹುಟ್ಟುವಾಗ್ಲೇ ಅದು ಚೀಲ ದಾಟಿ ಕೆಳಗೆ ತೆರ್ಕೊಂಡಿರುತ್ತೆ. ಚೀಲ ಖಾಲಿಯಾದ್ರೂ ಅಲ್ಲಿಂದ ಮೂತ್ರ ಸೋರ್ತಾನೇ ಇರುತ್ತೆ, ತಡ್ಕೊಳ್ಳೋದು ಮಗು ಕೈಲಿ ಆಗಲ್ಲ. ಮೊದ್ಲು ಸ್ಕ್ಯಾನ್ ಮಾಡಿಸೋಣ. ಅದೇ ಆಗಿದ್ರೆ ಆಪರೇಷನ್ ಮಾಡಿ ಸರಿಮಾಡ್ತಾರೆ."

"ದೊಡ್ಡವಳಾದ್ರೆ ತಾನೇ ಸರಿಹೋಗುತ್ತೆ ಬಿಡಮ್ಮ," ಅಂದಳು ಅಜ್ಜಿ. " ಎಳೇ ಮಗೂಗೆ ಕತ್ತರಿ ಹಾಕಿಸ್ತೀರಾ?"

"ಅತ್ತೆ, ಅಂಗಿ ತೋಳು ತಪ್ಪು ಜಾಗಕ್ಕೆ ಕೂತ್ರೆ ತೊಟ್ಟೂ ತೊಟ್ಟೂ ಸರಿಹೋಗುತ್ತಾ?" ಟೈಲರಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬಿಚ್ಚಿ ಹೊಲೀಬೇಕು. ನಾನು ನೋಡಿ, ಇಷ್ಟು ದಿನ ಮೇಲೆ ಮೇಲೆ ಬಟ್ಟೆ ಹಾಕ್ತಾ ಕೂತೆ."

ನರ್ಸಕ್ಕನ ಅನುಮಾನ ನಿಜವೆಂದು ಸ್ಕ್ಯಾನ್ ತೋರಿಸಿತು. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಮೂತ್ರಾಂಗ ತಜ್ಞೆ ಶಸ್ತ್ರಚಿಕಿತ್ಸೆ ಮಾಡಿ, ನಾಳವನ್ನು ಮೂತ್ರಚೀಲಕ್ಕೆ ಜೋಡಿಸಿದರು. ಪಟ್ಟಿ ಬಿಚ್ಚಿದ ದಿನ ಟೈಲರಮ್ಮ ಬಗ್ಗಿ ಬಗ್ಗಿ ನೋಡಿದಳು. "ಇಷ್ಟು ಸಣ್ಣ ಹೊಲಿಗೆ ನನ್ನ ಕೈಲೂ ಆಗಲ್ಲ ಡಾಕ್ಟ್ರೇ!"

ಪುಟ್ಟಿ ಗುಣವಾಗಿ ಶಾಲೆಗೆ ಹೊರಟ ದಿನ ತಾಯಿ ಬಿಳಿ ಫ್ರಾಕು ತೊಡಿಸಿದಳು. ಲೈನಿಂಗ್ ಇರಲಿಲ್ಲ. ಪುಟ್ಟಿ ಬೀದಿಯ ನಟ್ಟನಡುವೆ ನಡೆದಳು. ಹಿಂದೆ ಅಜ್ಜಿ, ಕೇಳಿದವರಿಗೂ ಕೇಳದವರಿಗೂ, "ನನ್ನ ಮೊಮ್ಮಗಳು ಕಣ್ರೀ, ಆಪರೇಷನ್ ಗೆದ್ದು ಬಂದವಳು. ಸುಮ್ಮಸುಮ್ಮನೆ ಬೈದವಳು ನಾನು," ಎನ್ನುತ್ತ ಹೋದಳು. ಆವತ್ತು ಟೈಲರಮ್ಮನಿಗೆ ತನ್ನ ಹೊಲಿಗೆಗಿಂತ ಮಗಳ ನಡಿಗೆಯೇ ಹೆಮ್ಮೆ.

ನಿಮ್ಮ ಮಗುವೂ ಮೂತ್ರಕ್ಕೆ ಹೋಗಿ ಬಂದ ಮೇಲೂ ಸದಾ ಒದ್ದೆಯೇ? ಪದೇ ಪದೇ ಮೂತ್ರದ ಸೋಂಕೇ? ಗಂಡುಮಗುವಿನ ಮೂತ್ರ ಧಾರೆಯಾಗಿ ಬರದೆ ತೊಟ್ಟಿಕ್ಕುತ್ತದೆಯೇ? ಬೈಯಬೇಡಿ, ಮುಚ್ಚಿಡಬೇಡಿ. ಇಂದೇ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ತಪ್ಪು ಮಗುವಿನದಲ್ಲ, ನಿಮ್ಮದೂ ಅಲ್ಲ. ತಡ ಮಾಡದಿರುವುದು ಮಾತ್ರ ನಿಮ್ಮ ಕೈಯಲ್ಲಿದೆ.