ಸೋಮಾರಿಯನ್ನು ಎಬ್ಬಿಸು

ನನ್ನ ಗಂಡ ಗೊರಕೆ ಹೊಡೆಯುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಹೋದ ಮೇಲೆ ಬಂದವರೆಲ್ಲ ಅವನ ಒಳ್ಳೆಯ ಗುಣಗಳನ್ನು ಮಾತ್ರ ಹೇಳಿ ಹೋದರು. ಅತ್ತೆಯಂತೂ ಅವನು ಬದುಕಿದ್ದಾಗಲೇ ಒಪ್ಪಿರಲಿಲ್ಲ.

"ನಮ್ಮ ಮನೇಲಿ ಯಾರೂ ಗೊರಕೆ ಹೊಡೆಯಲ್ಲ. ನಿನ್ನ ಕಿವಿ ತೋರಿಸ್ಕೊಂಡು ಬಾ," ಅನ್ನುತ್ತಿದ್ದರು.

ಮದುವೆಯಾದ ಎರಡನೇ ವರ್ಷ ಸಾಕ್ಷಿಗಿರಲಿ ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಲವತ್ತು ನಿಮಿಷ. ಅವನು ಕೇಳಿದ, ನಕ್ಕ, ಅದನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು ಹಾಡುಗಳ ನಡುವೆ ಸೇರಿಸಿದ. ಕೊಟ್ಟ ಹೆಸರು 'ಹೆಂಡತಿಯ ಸುಳ್ಳು ಆರೋಪ'. ಆಮೇಲೆ ನನ್ನ ಫೋನಿನಿಂದ ಅಳಿಸಿಹಾಕಿದ. ಸಾಕ್ಷಿ ನಾಶ ಮಾಡಿದೆಯಲ್ಲ ಎಂದರೆ, "ಜಾಗ ಉಳೀತಲ್ಲ," ಎಂದ.

ಹಾಡುಗಳೆಲ್ಲ ಅವನ ಕೋಣೆಯ ಕಂಪ್ಯೂಟರಿನಲ್ಲಿ. ಕೇಳುವುದು ಅಡುಗೆಮನೆಯಲ್ಲಿ, ಕಿಟಕಿಯ ಕಟ್ಟೆಯ ಮೇಲಿನ ಪುಟ್ಟ ಪ್ಲೇಯರಿನಲ್ಲಿ. ಹತ್ತು ನಿಮಿಷ ಯಾರೂ ಮಾತಾಡಿಸದಿದ್ದರೆ ಕಂಪ್ಯೂಟರ್ ನಿದ್ದೆಗೆ ಜಾರುತ್ತಿತ್ತು. ಎಬ್ಬಿಸಲು ಕೋಣೆಗೆ ಹೋಗಬೇಕಿರಲಿಲ್ಲ. ಪ್ಲೇಯರಿನ ಗುಂಡಿ ಒತ್ತಿದರೆ ವೈರಿನ ಮೂಲಕ ಅದಕ್ಕೊಂದು ಕರೆ ಹೋಗುತ್ತಿತ್ತು. ಮಲಗಿದ್ದರೂ ಅದರ ಒಂದು ಕಿವಿ ಎಚ್ಚರವಾಗಿರುತ್ತದೆ ಎಂದು ವಿವರಿಸಿದ್ದ. "ಹಾಗಾದ್ರೆ ನಿನಗಿಂತ ವಾಸಿ," ಎಂದಿದ್ದೆ. ಆ ಗುಂಡಿಗೆ ಪರದೆಯ ಮೇಲೆ ಅವನೇ ಹೆಸರು ಬರೆದಿದ್ದ: 'ಸೋಮಾರಿಯನ್ನು ಎಬ್ಬಿಸು'.

ಒಂದು ಸಂಜೆ ಬಲ್ಬು ಬದಲಾಯಿಸಲು ಹೊರಟವನು ಮೆಟ್ಟಿಲ ಮೇಲೆ ಕುಳಿತ. ಏಳಲಿಲ್ಲ. ಮೂವತ್ತಾರು ವರ್ಷ. ಹೃದಯ ಎಂದರು ಡಾಕ್ಟರು. ಕೈಯಲ್ಲಿದ್ದ ಬಲ್ಬಿಗೆ ಏನೂ ಆಗಿರಲಿಲ್ಲ. ಈಗಲೂ ಉರಿಯುತ್ತಿದೆ.

ಮುಂದಿನ ವಾರ ಅತ್ತೆ ಅವನ ಕೋಣೆಗೆ ಬೀಗ ಹಾಕಿದರು.

"ಅವನು ಹೇಗೆ ಇಟ್ಟಿದ್ನೋ ಹಾಗೇ ಇರಲಿ. ಯಾರೂ ಏನೂ ಮುಟ್ಟೋ ಹಾಗಿಲ್ಲ. ನೀನೂ ಅಷ್ಟೆ."

ಬೀಗದ ಕೈ ಅವರ ಕೊರಳ ಸರ ಸೇರಿತು. ಸ್ನಾನಕ್ಕೂ ಅದರ ಜೊತೆಗೇ ಹೋಗುತ್ತಿದ್ದರು.

ನನ್ನ ನಿದ್ದೆ ಹೋಯಿತು. ಏಳು ವರ್ಷ ಗರಗಸದ ಪಕ್ಕದಲ್ಲಿ ಮಲಗಿದವಳಿಗೆ ಖಾಲಿ ಹಾಸಿಗೆಯ ಮೌನ ಗಲಾಟೆ ಅನ್ನಿಸತೊಡಗಿತು. ಮಾತ್ರೆ ನುಂಗಿದರೆ ಮೈ ಮಲಗುತ್ತಿತ್ತು, ನಾನು ಮಲಗುತ್ತಿರಲಿಲ್ಲ. ಹತ್ತನೇ ವಾರ, ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎರಡು ಸೀಸೆಗಳ ಚೀಟಿ ಅದಲುಬದಲು ಮಾಡಿದೆ. ಎಪ್ಪತ್ತೆರಡರ ತಾತನೊಬ್ಬ ಗರ್ಭಿಣಿ ಎಂದು ವರದಿ ಸಿದ್ಧವಾಯಿತು. ಕೈಗೆ ಕೊಡುವ ಮೊದಲು ಮೇಲ್ವಿಚಾರಕಿ ನೋಡಿದ್ದರಿಂದ ತಾತ ಬಚಾವಾದ.

"ಸೋಮವಾರದೊಳಗೆ ಸ್ವಲ್ಪ ನಿದ್ದೆ ಮಾಡಿ ಬನ್ನಿ," ಎಂದರು ಆಕೆ. "ಇಲ್ಲಾಂದ್ರೆ ಒಂದು ತಿಂಗಳು ರಜೆ ಬರೆದುಕೊಡಿ. ಇನ್ನೊಂದು ಸಲ ಹೀಗಾದ್ರೆ ನಾನು ನಗೋಕಾಗಲ್ಲ."

ಒಂದು ತಿಂಗಳು, ಮುಚ್ಚಿದ ಬಾಗಿಲ ಮುಂದೆ, ಅತ್ತೆಯ ಎದುರು. ಅದಕ್ಕಿಂತ ತಾತನ ಹೆರಿಗೆ ಮಾಡಿಸುವುದು ಸುಲಭವಿತ್ತು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಪ್ಲೇಯರಿನ ಗುಂಡಿ ಒತ್ತಿದೆ. 'ಸೋಮಾರಿ ಸಿಗುತ್ತಿಲ್ಲ' ಎಂದಿತು. ಮೂರು ಸಲ ಒತ್ತಿದೆ. ಮೂರು ಸಲವೂ ಅದೇ ಉತ್ತರ.

ಹಜಾರಕ್ಕೆ ಬಂದು ನೋಡಿದೆ. ಕೋಣೆಯ ಬಾಗಿಲಡಿಯಿಂದ ನುಸುಳಿ ರೌಟರಿಗೆ ಬರುತ್ತಿದ್ದ ನೀಲಿ ವೈರು ಅಲ್ಲಿರಲಿಲ್ಲ. ಯಾರೋ ಅದನ್ನು ಅಚ್ಚುಕಟ್ಟಾಗಿ ಸುತ್ತಿ, ರಿಬ್ಬನ್ ಕಟ್ಟಿ, ಬಾಗಿಲ ಹಿಡಿಗೆ ತೂಗುಹಾಕಿದ್ದರು. ಪಕ್ಕದ ಕುರ್ಚಿಯಲ್ಲಿ ಅತ್ತೆ ಬಟಾಣಿ ಬಿಡಿಸುತ್ತಿದ್ದರು.

"ಅತ್ತೆ, ವೈರು ಯಾರು ಕಿತ್ತಿದ್ದು?"

"ನಾನೇ. ಕಾಲಿಗೆ ಸಿಕ್ತಿತ್ತು."

"ಯಾರೂ ಏನೂ ಮುಟ್ಟಬಾರದು ಅಂದಿದ್ರಿ."

"ಅದು ಒಳಗಿರೋದಕ್ಕೆ ಹೇಳಿದ್ದು. ಇದು ಹೊರಗಿತ್ತು."

"ನಿಮ್ಮ ಮಗ ಇಟ್ಟ ಹಾಗೇ ಇರಬೇಕು ಅಂದ್ರೆ ಇದನ್ನೂ ವಾಪಸ್ ಸಿಕ್ಕಿಸಬೇಕಲ್ವಾ?"

ಅತ್ತೆ ಒಂದು ಕಾಯಿಯನ್ನು ಅರ್ಧ ಬಿಡಿಸಿ ಯೋಚಿಸಿದರು. ಅವರದೇ ಕಾನೂನು, ಅವರೇ ಸಿಕ್ಕಿಹಾಕಿಕೊಂಡಿದ್ದರು.

"ಸಿಕ್ಕಿಸು. ನಾನು ಎಡವಿ ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋಳು ನೀನೇ, ಗೊತ್ತಲ್ಲ."

ಸಿಕ್ಕಿಸಿದೆ. ರೌಟರಿನಲ್ಲಿ ಹಸಿರು ದೀಪ ಮಿನುಗಿತು. ಅಡುಗೆಮನೆಗೆ ಹೋಗಿ ಗುಂಡಿ ಒತ್ತಿದೆ. ಬೀಗ ಹಾಕಿದ ಕೋಣೆಯೊಳಗೆ ಫ್ಯಾನೊಂದು ಗುಂಯ್ ಎಂದು ತಿರುಗಿತು.

"ಒಳಗೆ ಯಾರೋ ಇದಾರೆ ಕಣೇ," ಅತ್ತೆಯ ದನಿ ಸಣ್ಣದಾಗಿತ್ತು.

"ಕಂಪ್ಯೂಟರ್ ಅತ್ತೆ. ಎಬ್ಬಿಸಿದೆ."

"ಬಾಗಿಲು ತೆಗೀದೇನೇ?" ಅತ್ತೆ ಕೊರಳು ಮುಟ್ಟಿ ನೋಡಿಕೊಂಡರು. ಬೀಗದ ಕೈ ಅಲ್ಲೇ ಇತ್ತು.

ಪರದೆಯ ಮೇಲೆ ಪಟ್ಟಿ ಬಂತು. ಕೆಳಗೆ ಕೆಳಗೆ ಹೋಗಿ 'ಹೆಂಡತಿಯ ಸುಳ್ಳು ಆರೋಪ'ದ ಮೇಲೆ ಒತ್ತಿದೆ.

ಮೊದಲು ಒಣ ಹಲಗೆ ಕೊಯ್ಯುವ ಸದ್ದು. ಆಮೇಲೆ ಸ್ಟಾರ್ಟ್ ಆಗದ ಸ್ಕೂಟರು. ಆಮೇಲೆ ಏನೂ ಇಲ್ಲ. ಆ ಜಾಗ ನನಗೆ ಗೊತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಹಲಗೆ.

ಅತ್ತೆ ಬಟಾಣಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನಿದು?"

"ನಿಮ್ಮ ಮಗ."

"ಅಲ್ಲ." ಸ್ವಲ್ಪ ಹೊತ್ತು ಕೇಳಿದರು. "ಯಾವುದೋ ಮಿಷನ್ನು ಇದು."

ಆಗ ರೆಕಾರ್ಡಿನಲ್ಲಿ ನನ್ನ ದನಿ ಬಂತು: "ಪಕ್ಕಕ್ಕೆ ತಿರುಗು ಮಾರಾಯ." ಹಾಸಿಗೆ ಸರಭರ ಎಂದಿತು. ನಿದ್ದೆಗಣ್ಣಿನಲ್ಲಿ ಅವನು ಹೇಳಿದ: "ನಾನೆಲ್ಲಿ ಗೊರಕೆ ಹೊಡೆದೆ?"

ಅತ್ತೆ ನನ್ನೆದುರಿನ ಕುರ್ಚಿ ಎಳೆದು ಕುಳಿತರು. ಬಟ್ಟಲನ್ನು ಮೇಜಿನ ಮೇಲಿಟ್ಟರು. ಎರಡು ಕಾಳು ಉರುಳಿದವು.

"ಕೇಳಿಸ್ಕೊಂಡ್ಯಾ?" ಎಂದರು. "ಹೊಡೆದಿಲ್ಲ ಅಂತ ಅವನೇ ಹೇಳ್ತಿದಾನೆ."

"ಹೌದತ್ತೆ."

"ಸ್ವಲ್ಪ ಜೋರು ಮಾಡು."

ಜೋರು ಮಾಡಿ, ಎರಡೇ ನಿಮಿಷ ಎಂದುಕೊಂಡು ಮೇಜಿನ ಮೇಲೆ ತಲೆಯಿಟ್ಟೆ.

ಎದ್ದಾಗ ಐದೂವರೆ. ಕೆನ್ನೆಗೆ ಒಂದು ಬಟಾಣಿ ಅಂಟಿತ್ತು. ಹಲಗೆ ಇನ್ನೂ ಕೊಯ್ಯುತ್ತಲೇ ಇತ್ತು. ಅತ್ತೆ ಪ್ಲೇಯರಿನ ಪಕ್ಕದಲ್ಲೇ ನಿಂತಿದ್ದರು, ಕನ್ನಡಕ ಹಾಕಿಕೊಂಡು.

"ಮುಗಿದಾಗೆಲ್ಲ ಒತ್ತಿದೆ. ಇದು ಐದನೇ ಸಲ. ಮಧ್ಯದಲ್ಲಿ ಬಟಾಣಿ ಬೇಯಿಸೋಕೆ ಇಟ್ಟೆ, ಅಷ್ಟರಲ್ಲಿ ಅದು ಮಲಗಿಬಿಡ್ತು. ನಾನೇ ಎಬ್ಬಿಸಿದೆ." ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದರು. "ನೀನೂ ಗೊರಕೆ ಹೊಡೀತಿದ್ದೆ ಕಣೇ. ಅವನಿಗಿಂತ ಜೋರು."

"ಇಲ್ಲ ಅತ್ತೆ," ಎಂದೆ. "ನಮ್ಮ ಮನೇಲಿ ಯಾರೂ ಗೊರಕೆ ಹೊಡೆಯಲ್ಲ."